ಉಳ್ಳವರ ಮಕ್ಕಳ ಸಿನಿಮಾ: ಹಾಸ್ಟೆಲ್‌ನಲ್ಲಿ ತೋರಿಸಲು ಈ ಐದರಲ್ಲಿ ಯಾವುದು?

ಯಾದಗಿರಿಯ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ ಗೆಳೆಯರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ‘ಸರ್ರ, ನಮ್ಮ ಹಾಸ್ಟೆಲ್‌ಗೆ ಪ್ರೊಜೆಕ್ಟರ್ ಬಂದದ ನೋಡ್ರಿ. ನೀವು ಆವಾಗೊಂದು ಪಿಚ್ಚರ್ ತೋರಿಸಿದ್ರಿ, ಶ್ರೀಮಂತ್ರ ಹುಡುಗ್ರು ಹೋಟೆಲ್ ಒಡೀತಾರಲ್ಲ, ಅದರ ಹೆಸರೇನ್ರಿ?’ ‘ದಿ ರಯಟ್ ಕ್ಲಬ್’ ಅಂತ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಚಡಪಡಿಕೆ ಶುರುವಾಯಿತು. ಅಲ್ಲಿ ಕೂತು ನೋಡುವವರು ಯಾರು ಅಂತ ಕೇಳಲೇ ಇಲ್ಲವಲ್ಲ. ರೋಗ ಕೇಳದೆ ಗುಳಿಗೆ ಕೊಟ್ಟಂಗಾಯಿತು. ಅವರಿಗೆ ಮತ್ತೆ ಫೋನ್ ಮಾಡಿ ಅರ್ಧ ತಾಸು ಮಾತಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಬೇರೆ ಯಾರಿಗಾದರೂ ಬೇಕಾದೀತು.

ಕಲಬುರಗಿಯ ನಮ್ಮ ಹಾಸ್ಟೆಲ್‌ನಲ್ಲಿ ತಿಂಗಳಿಗೊಂದು ಶನಿವಾರ ಸಿನಿಮಾ ಹಾಕುವ ಜವಾಬ್ದಾರಿ ಏಳು ವರ್ಷದಿಂದ ನನ್ನ ತಲೆಗೇ ಕಟ್ಟಿದ್ದಾರೆ. ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ಕಡೆಯ ಹುಡುಗರೇ ಹೆಚ್ಚು. ಜೊತೆಗೆ ಊರೊಳಗಿನ ಡಾಕ್ಟರು, ಕಾಂಟ್ರಾಕ್ಟರುಗಳ ಮಕ್ಕಳೂ ಸಂಜೆ ಬಂದು ಕೂಡುತ್ತಾರೆ. ಬುಲೆಟ್ ಬೈಕಿನವನೂ ಬಸ್ ಪಾಸಿನವನೂ ಒಂದೇ ಬೆಂಚು. ಹಿಂಗಾಗಿ ಅಂತಸ್ತಿನ ಕತೆ ಪರದೆಯ ಮೇಲೆ ಬಂದಾಗ ಕೋಣೆಯೊಳಗೆ ಏನಾಗುತ್ತದೆ ಅನ್ನುವುದು ನನಗೆ ಸಿನಿಮಾದಷ್ಟೇ ಆಸಕ್ತಿಯ ಸಂಗತಿ.

ಉಳ್ಳವರ ಮನೆಯ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡಾಗ ಹೇಗೆ ಬದಲಾಗುತ್ತಾರೆ ಅನ್ನುವ ವಿಷಯದ ಮೇಲೆ ನಾನು ತೋರಿಸಿರುವುದು, ತೋರಿಸಲು ಯೋಚಿಸಿರುವುದು ಐದು: ಬ್ರಿಟನ್ನಿನ ‘ದಿ ರಯಟ್ ಕ್ಲಬ್’, ಅಮೆರಿಕದ ‘ಸ್ಕೂಲ್ ಟೈಸ್’, ಜರ್ಮನಿಯ ‘ದಿ ವೇವ್’, ಮತ್ತೆ ಬ್ರಿಟನ್ನಿನದೇ ಹಳೆಯ ‘ಇಫ್’, ಹಾಗೂ ನಮ್ಮ ನೆರೆಯ ಮರಾಠಿಯ ‘ಫ್ಯಾಂಡ್ರಿ’. ಯಾವುದು ಒಳ್ಳೆಯ ಸಿನಿಮಾ ಅಂತ ಕೇಳಿದರೆ ಉತ್ತರ ಬೇರೆ. ಯಾವುದು ತೋರಿಸಬೇಕು ಅನ್ನುವುದಕ್ಕೆ ನಾನು ನೋಡುವುದು ಒಂದೇ: ಕ್ಯಾಮೆರಾ ಊಟದ ಮೇಜಿನ ಯಾವ ಕಡೆ ಕೂತಿದೆ? ಉಣ್ಣುವವರ ಕಡೆಯೋ, ಬಡಿಸುವವರ ಕಡೆಯೋ? ನಿಮ್ಮ ಹುಡುಗರು ಯಾವ ಕಡೆಯವರೋ, ಅದಕ್ಕೆ ಎದುರಿನದನ್ನು ಹಾಕಿ ಅನ್ನುವುದು ನನ್ನ ಲೆಕ್ಕ. ಆದರೆ ಈ ಲೆಕ್ಕ ಪ್ರತಿ ಸಲ ಕೂಡುವುದಿಲ್ಲ, ಅದನ್ನೂ ಹೇಳುತ್ತೇನೆ.

ದಿ ರಯಟ್ ಕ್ಲಬ್: ಮಜಾ ಎಲ್ಲಿ ಮುಗೀತು?

2014ರ ಸಿನಿಮಾ. ನಮ್ಮೂರು ಗುಲ್ಬರ್ಗ ಹೋಗಿ ಕಲಬುರಗಿ ಆದದ್ದೂ ಅದೇ ವರ್ಷ, ಹಾಗಾಗಿ ನನಗೆ ಇಸವಿ ಮರೆಯುವುದಿಲ್ಲ. ಲಾರಾ ವೇಡ್ ಬರೆದ ‘ಪಾಶ್’ ಅನ್ನುವ ನಾಟಕ ಇದಕ್ಕೆ ಮೂಲ, ಚಿತ್ರಕತೆಯೂ ಅವರದೇ. ನಾಟಕ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲು ಆಡಿದ್ದು 2010ರ ಏಪ್ರಿಲ್‌ನಲ್ಲಿ. ಮುಂದಿನ ತಿಂಗಳೇ ಡೇವಿಡ್ ಕ್ಯಾಮರೂನ್ ಪ್ರಧಾನಿಯಾದರು. ಇದನ್ನು ಹೇಳದೆ ಸಿನಿಮಾ ಶುರು ಮಾಡಬೇಡಿ. ಯಾಕೆಂದರೆ ಕತೆಯ ಕ್ಲಬ್ಬು ಕಲ್ಪನೆಯದಾದರೂ ಅದರ ಹಿಂದೆ ನಿಜವಾದ ಒಂದು ಕ್ಲಬ್ಬಿದೆ: ಆಕ್ಸ್‌ಫರ್ಡಿನ ಬುಲಿಂಗ್ಡನ್ ಕ್ಲಬ್, 1780ರಷ್ಟು ಹಳೆಯದು. ಕೋಟು ಹೊಲಿಸಿಕೊಂಡು ಊಟಕ್ಕೆ ಹೋಗುವುದು, ಹೋಟೆಲಿನಲ್ಲಿ ಕಂಡದ್ದನ್ನು ಒಡೆಯುವುದು, ಹಣ ಚೆಲ್ಲಿ ಬರುವುದು ಅದರ ಖ್ಯಾತಿ. 1987ರಲ್ಲಿ ತೆಗೆಸಿಕೊಂಡ ಅದರ ಒಂದು ಗುಂಪು ಫೋಟೋದಲ್ಲಿ ಕ್ಯಾಮರೂನ್ ಇದ್ದಾರೆ, ಬೋರಿಸ್ ಜಾನ್ಸನ್ ಇದ್ದಾರೆ. ಒಂದೇ ಫೋಟೋದಿಂದ ಇಬ್ಬರು ಪ್ರಧಾನಮಂತ್ರಿಗಳು! ಇಷ್ಟು ಹೇಳಿದರೆ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಾರೆ.

ಕತೆ ಸರಳ. ಆಕ್ಸ್‌ಫರ್ಡಿನ ಹತ್ತು ಹುಡುಗರ ಕ್ಲಬ್ಬಿಗೆ ಇಬ್ಬರು ಹೊಸಬರು ಬೇಕು. ಮೈಲ್ಸ್ ಮತ್ತು ಅಲಿಸ್ಟೇರ್ ಸೇರುತ್ತಾರೆ. ಇಬ್ಬರೂ ಶ್ರೀಮಂತರೇ, ಆದರೆ ಒಬ್ಬನಿಗೆ ಅದರ ಬಗ್ಗೆ ಸಂಕೋಚ, ಇನ್ನೊಬ್ಬನಿಗೆ ಅದೇ ಹಕ್ಕು. ಊರಿನ ಸುತ್ತಮುತ್ತ ಬಹಳ ಕಡೆ ಇವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ವರ್ಷದ ಊಟಕ್ಕೆ ಒಂದು ಹಳ್ಳಿಯ ಪಬ್ ಹಿಡಿಯುತ್ತಾರೆ. ಅರ್ಧ ಸಿನಿಮಾ ಆ ಒಂದು ಕೋಣೆಯಲ್ಲೇ ನಡೆಯುತ್ತದೆ. ನಿರ್ದೇಶಕಿ ಲೋನ್ ಶೆರ್ಫಿಗ್ ಡೆನ್ಮಾರ್ಕಿನವರು. ಹೊರಗಿನವರ ಕಣ್ಣು ಅಂತ ಗೊತ್ತಾಗುವುದು ಈ ಕೋಣೆಯಲ್ಲೇ. ಹಕ್ಕಿಯೊಳಗೆ ಹಕ್ಕಿ ತುಂಬಿ ಬೇಯಿಸಿದ ಒಂದು ಭಾರಿ ಖಾದ್ಯ ಬರುತ್ತದೆ, ಹತ್ತು ಹಕ್ಕಿ ಇರಬೇಕಿತ್ತು. ಎಣಿಸುತ್ತಾರೆ. ಒಂದು ಕಡಿಮೆ. ಅಷ್ಟೇ ಸಾಕು. ಅಲ್ಲಿಂದ ಮುಂದೆ ಜೋಕು ಹೇಗೆ ಸಿಟ್ಟಾಗುತ್ತದೆ, ಸಿಟ್ಟು ಹೇಗೆ ಒದೆತವಾಗುತ್ತದೆ ಅನ್ನುವುದನ್ನು ಬೆರಳಿಟ್ಟು ತೋರಿಸಬಹುದು.

ಇಲ್ಲಿ ನನ್ನದೊಂದು ಮಾತು. ಪಬ್ಬಿನ ಮಾಲೀಕ ಮೊದಲಿಗೆ ಖುಷಿಯಾಗಿರುತ್ತಾನೆ, ಒಳ್ಳೆ ಮನೆತನದ ಹುಡುಗರು, ಕೈ ಬಿಚ್ಚಿ ಖರ್ಚು ಮಾಡುವವರು. ಆ ಖುಷಿ ನಾನು ನೋಡಿದ್ದು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಖಾನಾವಳಿ ನಡೆಸುತ್ತಿದ್ದ. ಒಂದು ಕಾಲೇಜಿನ ಹದಿನಾಲ್ಕು ಹುಡುಗರು ಮಾಳಿಗೆ ಮೇಲಿನ ಕೋಣೆ ಬೇಕು ಅಂದರು. ಅಪ್ಪ ಹೊಸ ಸ್ಟೀಲ್ ಜಗ್ಗು ತಂದ. ‘ದೊಡ್ಡ ಮನಿ ಹುಡುಗ್ರು ಬರ್ಲತ್ತಾರ, ಸ್ವಚ್ಛ ಅಂಗಿ ಹಾಕ್ಕೊ’ ಅಂದ. ರಾತ್ರಿ ಹನ್ನೊಂದಕ್ಕೆ ನಾನು ಮೇಲೆ ಹೋದಾಗ ಕೈ ತೊಳೆಯುವ ಬೇಸಿನ್ ಗೋಡೆಯಿಂದ ಕಿತ್ತು ಪೈಪಿಗೆ ಜೋತು ಬಿದ್ದಿತ್ತು. ಕನ್ನಡಿ ಇರಲಿಲ್ಲ. ಮೊಸರಲ್ಲಿ ಕಲಸಿದ ಶೇಂಗಾ ಹಿಂಡಿ ಫ್ಯಾನಿನ ರೆಕ್ಕೆಗೆ ಮೆತ್ತಿತ್ತು. ಯಾರೋ ಎಸೆದು, ಫ್ಯಾನ್ ಹಚ್ಚಿ, ಗೋಡೆಗೆಲ್ಲ ಸಿಡಿಯುವುದನ್ನು ನೋಡಿ ನಕ್ಕಿದ್ದರು. ಸಂಜೆಯೆಲ್ಲ ನನ್ನನ್ನು ‘ತಮ್ಮಾ’ ಅಂತ ಕರೆದವನೇ ಅಪ್ಪನ ಜೇಬಿಗೆ ನೋಟು ತುರುಕಿ, ‘ಕಾಕಾ, ಇದ್ರಾಗ ಎಲ್ಲಾ ಬಂತು’ ಅಂದ. ಅಪ್ಪ ಎಣಿಸಿದ. ಎಲ್ಲಾ ಬಂದು ಮಿಕ್ಕಿತ್ತು. ಮಿಕ್ಕಿದ್ದನ್ನು ತಿರುಗಿ ಕೊಡಲಿಲ್ಲ. ನಾನು ಸ್ಟೂಲ್ ಮೇಲೆ ನಿಂತು ಚಮಚದಿಂದ ರೆಕ್ಕೆ ಕೆರೆದೆ.

ಎಷ್ಟೋ ವರ್ಷದ ಮೇಲೆ ಈ ಸಿನಿಮಾದ ಊಟದ ಭಾಗವನ್ನು ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ತೋರಿಸಿದೆ. ಭಾಷೆ ತಿಳಿಯದಿದ್ದರೂ ಪೂರಾ ನೋಡಿದ. ಕೊನೆಗೆ ಹೇಳಿದ್ದು ಒಂದೇ: ‘ಅಡ್ವಾನ್ಸ್ ತಗೋಬೇಕಿತ್ತ್ ಅವ.’

ಈಗ ಇದರ ಅಪಾಯ ಕೇಳಿ. ಕ್ಯಾಮೆರಾ ಉಣ್ಣುವವರ ಕಡೆ ಕೂತಿದೆ. ಹುಡುಗರು ಚೆಲುವರು, ಕೋಟು ಚೆಂದ, ಮಾತು ಚುರುಕು. ನಮ್ಮಲ್ಲಿ ಮೊದಲ ಸಲ ತೋರಿಸಿದಾಗ ಮೊದಲ ಮುಕ್ಕಾಲು ತಾಸು ಶಿಳ್ಳೆಯೋ ಶಿಳ್ಳೆ. ಮಾಲೀಕನಿಗೆ ಪೆಟ್ಟು ಬಿದ್ದಾಗ ಶಿಳ್ಳೆ ನಿಂತಿತು, ಆದರೆ ಮಾರನೆ ದಿನ ಮೆಸ್ಸಿನಲ್ಲಿ ನಾಲ್ವರು ಆ ಕ್ಲಬ್ಬಿನವರಂತೆ ಲೋಟ ಎತ್ತಿ ಕೂಗುತ್ತಿದ್ದರು. ಎದುರಿಗೆ ಚಪಾತಿ ಹಾಕುತ್ತಿದ್ದ ಅಡುಗೆಯವನಿಗೆ ಏನೂ ತಿಳಿಯದೆ ಅವನೂ ನಕ್ಕ. ಹಂಗಾಗಿ ಎರಡನೇ ಸಲ ನಾನು ಒಂದು ಕೆಲಸ ಮಾಡಿದೆ: ಸಿನಿಮಾದಲ್ಲಿ ಮೂವರು ಹೆಣ್ಣುಮಕ್ಕಳು ಆ ಕೋಣೆಗೆ ಬಂದು ಹೋಗುತ್ತಾರೆ. ಹಣ ಕೊಟ್ಟು ಕರೆಸಿದ ಹೆಂಗಸು, ಮಾಲೀಕನ ಮಗಳು, ಮೈಲ್ಸ್‌ನ ಗೆಳತಿ ಲಾರೆನ್. ಮೂವರೂ ಒಂದೊಂದು ರೀತಿ ಇಲ್ಲ ಅನ್ನುತ್ತಾರೆ. ‘ಹುಡುಗರನ್ನ ಬಿಡ್ರಿ, ಈ ಮೂವರನ್ನ ನೋಡ್ಕೊಂತ ಹೋಗ್ರಿ’ ಅಂತ ಮೊದಲೇ ಹೇಳಿದೆ. ಆ ಸಲ ಶಿಳ್ಳೆ ಕಡಿಮೆ. ಲಾರೆನ್‌ಗೆ ಅವಳ ಫೀಸಿನ ಲೆಕ್ಕ ಹಾಕಿ ಹಣದ ಆಮಿಷ ಒಡ್ಡುವಾಗ ಮೈಲ್ಸ್‌ನಿಂದ ಅವಳಿಗೆ ಆಸರೆ ಸಿಗುವುದಿಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಆಫೀಸಿಗೆ ಅಲೆದವರಿಗೆ ಆ ದೃಶ್ಯ ಬೇರೆ ರೀತಿ ತಾಗುತ್ತದೆ.

ಬೈಗುಳ, ಕುಡಿತ, ಹೆಣ್ಣುಮಕ್ಕಳ ಮೇಲಿನ ದಬ್ಬಾಳಿಕೆ, ಹೊಡೆತ ಎಲ್ಲ ಇದೆ. ಪಿಯುಸಿ ಮಕ್ಕಳಿಗೆ ಬೇಡ. ಡಿಗ್ರಿಯವರಿಗೆ, ಅದರಲ್ಲೂ ಉಳ್ಳವರ ಮಕ್ಕಳು ಹೆಚ್ಚಿರುವ ವೈದ್ಯಕೀಯ, ಎಂಜಿನಿಯರಿಂಗ್ ಹಾಸ್ಟೆಲ್ಲಿಗೆ, ನನ್ನ ಮೇಜಿನ ಲೆಕ್ಕ ಮೀರಿದರೂ, ಇದೇ ಸರಿ. ಆದರೆ ಮುಗಿದ ಮೇಲೆ ಮಾತಾಡಲು ಅರ್ಧ ತಾಸು ಇಲ್ಲದಿದ್ದರೆ ಹಾಕಲೇಬೇಡಿ. ಕೊನೆಯಲ್ಲಿ ಯಾರ ಮೇಲೆ ತಪ್ಪು ಹೊರಿಸುತ್ತಾರೆ, ಹೊತ್ತವನಿಗೆ ಆಮೇಲೆ ಯಾರ ಸಹಾಯ ಸಿಗುತ್ತದೆ ಅನ್ನುವುದೇ ಸಿನಿಮಾದ ಗುಂಡಿಗೆ; ಊಟದ ಗಂಟೆ ಹೊಡೆದು ಎದ್ದು ಹೋದರೆ ಹುಡುಗರ ತಲೆಯಲ್ಲಿ ಉಳಿಯುವುದು ಕೋಟು ಮಾತ್ರ.

ಸ್ಕೂಲ್ ಟೈಸ್: ಪರೀಕ್ಷೆ ಗೊತ್ತಿರುವ ಯಾರಿಗಾದರೂ

1992ರದ್ದು, ರಾಬರ್ಟ್ ಮ್ಯಾಂಡೆಲ್ ನಿರ್ದೇಶನ. ಬ್ರೆಂಡನ್ ಫ್ರೇಸರ್ ನಾಯಕ. ಇನ್ನೂ ಹೆಸರು ಮಾಡದ ಮ್ಯಾಟ್ ಡೇಮನ್, ಬೆನ್ ಅಫ್ಲೆಕ್ ಸಹಪಾಠಿಗಳು. 1950ರ ದಶಕದ ಅಮೆರಿಕ. ಕಾರ್ಮಿಕರ ಊರಿನಿಂದ ಬಂದ ಡೇವಿಡ್ ಗ್ರೀನ್ ಎಂಬ ಹುಡುಗನಿಗೆ ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆಂದು ದೊಡ್ಡವರ ಶಾಲೆಯಲ್ಲಿ ಸೀಟು ಸಿಗುತ್ತದೆ. ಅವನು ಯಹೂದಿ, ಅದನ್ನು ಮುಚ್ಚಿಟ್ಟಿರುತ್ತಾನೆ. ಗೊತ್ತಾದ ದಿನದಿಂದ ಗೆಳೆತನದ ಬಣ್ಣ ಬದಲಾಗುತ್ತದೆ.

ನಮ್ಮ ಹುಡುಗರಿಗೆ ಯಹೂದಿದ್ವೇಷ ಅಂದರೆ ದೂರದ ಮಾತು. ಆದರೆ ಅಡ್ಡಹೆಸರು ಮುಚ್ಚಿಡುವುದು ದೂರದ್ದಲ್ಲ. ಊರು ಯಾವುದು, ಯಾರ ಪೈಕಿ ಅಂತ ಕೇಳಿದಾಗ ಮಾತು ಮರೆಸುವವರನ್ನು ನಾನು ದಿನಾ ನೋಡುತ್ತೇನೆ. ಈ ಸಿನಿಮಾ ನೋಡುವಾಗ ಕೋಣೆಯಲ್ಲಿ ಶಿಳ್ಳೆ ಇರಲಿಲ್ಲ. ಕೆಮ್ಮೂ ಇರಲಿಲ್ಲ.

ಆಮೇಲೆ ಬರುವುದು ಕಾಪಿಯ ಪ್ರಕರಣ. ಇತಿಹಾಸದ ಪರೀಕ್ಷೆಯಲ್ಲಿ ಯಾರೋ ಚೀಟಿ ತಂದಿದ್ದಾರೆ. ಶಾಲೆಯ ಮರ್ಯಾದೆಯ ಕಟ್ಟಳೆಯ ಪ್ರಕಾರ ತಪ್ಪಿತಸ್ಥನನ್ನು ಹುಡುಗರೇ ಕೂತು ಹುಡುಕಬೇಕು. ಕಾಪಿ ಮಾಡಿದ ಶ್ರೀಮಂತರ ಮಗ, ಮಾಡದ ಗ್ರೀನ್, ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಗುಂಪು ಮತ ಹಾಕುತ್ತದೆ. ಹದಿನೆಂಟು ವರ್ಷದ ಹುಡುಗರು ರಾತ್ರಿ ಒಂದು ಕೋಣೆಯಲ್ಲಿ ಕೂತು, ತಾವು ನ್ಯಾಯ ಮಾಡುತ್ತಿದ್ದೇವೆ ಅಂತಲೇ ನಂಬಿಕೊಂಡು, ಮೊದಲೇ ತೀರ್ಮಾನಿಸಿದ್ದನ್ನು ತೀರ್ಮಾನಿಸುವ ಆ ದೃಶ್ಯಕ್ಕೆ ಈ ಐದರಲ್ಲಿ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ‘ರಯಟ್ ಕ್ಲಬ್’ನಲ್ಲಿ ಗುಂಪು ಕುಡಿದು ಕೆಡುತ್ತದೆ, ಇಲ್ಲಿ ನೀರೂ ಕುಡಿಯದೆ ಕೆಡುತ್ತದೆ.

ಇದನ್ನು ಹಾಕಿದ ದಿನ ಚರ್ಚೆ ತಾನಾಗಿಯೇ ಪಿಎಸ್‌ಐ ನೇಮಕಾತಿಯ ಕಡೆ ಹೊರಳಿತು. 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಅಕ್ರಮ ಮುಂದಿನ ವರ್ಷ ಹೊರಬಿದ್ದಾಗ ಕಲಬುರಗಿಯ ಪರೀಕ್ಷಾ ಕೇಂದ್ರದ ಸುದ್ದಿ ರಾಜ್ಯವೆಲ್ಲ ಹಬ್ಬಿತ್ತಲ್ಲ, ಅದು. ಓದಿ ಬರೆದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಒಬ್ಬ ಹುಡುಗ, ಅವನ ಅಣ್ಣ ಆ ಪರೀಕ್ಷೆ ಬರೆದವನು, ಎದ್ದು ನಿಂತು, ‘ಸಾರ್, ಅಂವ ಶಾಲಿ ಬಿಟ್ಟು ಹೋಗುವಾಗೂ ನಗ್ತಾನಲ್ರಿ’ ಅಂದ. ಹೊರಹಾಕಿಸಿಕೊಂಡ ಶ್ರೀಮಂತರ ಮಗ ಕಾರಿನಲ್ಲಿ ಹೋಗುತ್ತ, ತನಗೆ ಹಾರ್ವರ್ಡ್ ಸೀಟು ಹೇಗೂ ಸಿಗುತ್ತದೆ ಅನ್ನುವ ಮಾತನ್ನು ಅವನು ಹಿಡಿದಿದ್ದ. ನಾನು ಎರಡು ಸಲ ನೋಡಿದ್ದರೂ ಅಷ್ಟು ಗಮನಿಸಿರಲಿಲ್ಲ.

ಇಂಗ್ಲಿಷಿನ ಮೂರರಲ್ಲಿ ಇದರ ಮಾತೇ ಸುಲಭದ್ದು, ಅಮೆರಿಕದವರು ನಿಧಾನ ಮಾತಾಡುತ್ತಾರೆ. ಒಂದು ಸ್ನಾನದ ಮನೆಯ ಜಗಳದಲ್ಲಿ ಬೆತ್ತಲೆ ಇದೆ, ವಾರ್ಡನ್‌ಗೆ ಮೊದಲೇ ಹೇಳಿಡಿ. ದೋಷ ಅಂದರೆ ಕತೆ ಕೊನೆಗೆ ಸ್ವಲ್ಪ ಅನುಕೂಲಕ್ಕೆ ತಿರುಗುತ್ತದೆ: ಸತ್ಯ ಕಂಡವನೊಬ್ಬ ಹೆಡ್‌ಮಾಸ್ತರರಿಗೆ ಹೇಳಿಬಿಡುತ್ತಾನೆ. ನಿಜ ಜೀವನದಲ್ಲಿ ಹೆಚ್ಚಾಗಿ ಹೇಳುವುದಿಲ್ಲ.

ದಿ ವೇವ್: ಮಾಸ್ತರರ ಸಿನಿಮಾ

ಡೆನಿಸ್ ಗಾನ್ಸೆಲ್ ನಿರ್ದೇಶನದ ಜರ್ಮನ್ ಸಿನಿಮಾ, 2008. ಸರ್ವಾಧಿಕಾರ ಈಗಿನ ಕಾಲದಲ್ಲಿ ಸಾಧ್ಯವೇ ಇಲ್ಲ ಅನ್ನುವ ಮಕ್ಕಳಿಗೆ ಒಬ್ಬ ಮೇಷ್ಟರು ಒಂದು ವಾರದಲ್ಲಿ ಅದನ್ನು ಕಟ್ಟಿ ತೋರಿಸಲು ಹೋಗುತ್ತಾರೆ. ಎಲ್ಲರಿಗೂ ಬಿಳಿ ಅಂಗಿ, ಒಂದು ಸಲಾಮು, ಒಂದು ಹೆಸರು. ಮೂಲ ಘಟನೆ ಅಮೆರಿಕದ್ದು: 1967ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ರಾನ್ ಜೋನ್ಸ್ ಅನ್ನುವ ಅಧ್ಯಾಪಕರು ತಮ್ಮ ತರಗತಿಯ ಮೇಲೆ ಹೀಗೊಂದು ಪ್ರಯೋಗ ಮಾಡಿದ್ದರು. ಸಿನಿಮಾದ ಘೋರ ಅಂತ್ಯ ಮಾತ್ರ ಅಲ್ಲಿ ನಡೆದದ್ದಲ್ಲ, ಅದನ್ನು ಮಕ್ಕಳಿಗೆ ಹೇಳಿ.

ಅಂತಸ್ತಿನ ವಿಷಯ ಇಲ್ಲಿ ಅಂಚಿನಲ್ಲಿದೆ. ಬಿಳಿ ಅಂಗಿ ಬಡವ ಶ್ರೀಮಂತ ಅನ್ನುವುದನ್ನು ಮುಚ್ಚುತ್ತದೆ, ಅದೇ ಅದರ ಸೆಳೆತ. ಎಲ್ಲರಿಗಿಂತ ಹೆಚ್ಚು ಗುಂಪಿಗೆ ಅಂಟಿಕೊಳ್ಳುವ ಟಿಮ್ ಉಳ್ಳವರ ಮಗ, ಮನೆಯಲ್ಲಿ ಅವನನ್ನು ಕೇಳುವವರಿಲ್ಲ. ಆದರೆ ಗುಂಪಿನ ನಡವಳಿಕೆ ಮೈಗೆ ಹತ್ತುವುದು ಇದರಲ್ಲೇ. ಮೇಷ್ಟರು ಮಕ್ಕಳನ್ನು ಎಬ್ಬಿಸಿ ನಿಂತಲ್ಲೇ ಹೆಜ್ಜೆ ಹಾಕಿಸುತ್ತಾರೆ, ಕೆಳಗಿನ ತರಗತಿಯವರ ತಲೆಯ ಮೇಲೆ ಸದ್ದಾಗಲಿ ಅಂತ. ನಮ್ಮ ಹಾಲ್ ಇರುವುದು ಮೆಸ್ಸಿನ ಮೇಲೆ. ಮೊದಲು ಒಂದು ಬೆಂಚು, ಆಮೇಲೆ ಎರಡು, ನೋಡನೋಡುತ್ತ ಅರವತ್ತು ಹುಡುಗರು ಪರದೆಯ ಜೊತೆಗೇ ನೆಲ ಬಡಿಯತೊಡಗಿದರು. ನನ್ನ ಕಾಲೂ ಎರಡು ಸಲ ಎದ್ದಿತ್ತು, ಸುಳ್ಳು ಯಾಕೆ ಹೇಳಲಿ. ಅಡುಗೆಯವನು ಸವಟು ಹಿಡಿದೇ ಮೇಲೆ ಬಂದ: ‘ಏನ್ರಪ್ಪಾ, ಛತ್ತು ಕೆಡವ್ತೀರೇನು?’ ಅದಕ್ಕಿಂತ ಒಳ್ಳೆಯ ಚರ್ಚೆ ನಾನು ಏರ್ಪಡಿಸಲಾರೆ. ಬಿ.ಎಡ್. ಮಾಡುತ್ತಿರುವವರಿಗೆ, ಎನ್‌ಸಿಸಿ ಮಕ್ಕಳಿಗೆ ಇದನ್ನೇ ಹಾಕಿ. ಜರ್ಮನ್ ಮಾತು, ಓದುವುದು ಸಬ್‌ಟೈಟಲ್. ಕೆಳಗಿನ ಸಾಲು ಹಿಂದಿನ ಬೆಂಚಿಗೆ ಕಾಣುತ್ತದೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

ಇಫ್

ಲಿಂಡ್ಸೆ ಆಂಡರ್ಸನ್ 1968ರಲ್ಲಿ ಮಾಡಿದ್ದು, ಮರುವರ್ಷ ಕಾನ್ ಉತ್ಸವದ ಅತಿ ದೊಡ್ಡ ಪ್ರಶಸ್ತಿ ಬಂತು. ಬ್ರಿಟನ್ನಿನ ವಸತಿ ಶಾಲೆ, ಹಿರಿಯ ಹುಡುಗರ ದರ್ಬಾರು, ಕಿರಿಯರು ಅವರ ಆಳುಗಳು, ಬೆತ್ತದ ಏಟು, ಕೊನೆಗೆ ಬಂದೂಕು. ಕಿರಿಯನೊಬ್ಬ ಹಿರಿಯನಿಗಾಗಿ ಪಾಯಿಖಾನೆಯ ಆಸನ ಬೆಚ್ಚಗೆ ಮಾಡಿ ಇಡಬೇಕಾದ ಪದ್ಧತಿ ನೋಡಿದರೆ ನಮ್ಮ ಕಾಲದ ಸೀನಿಯರುಗಳು ನೀರಿನ ಬಕೆಟ್ ಹೊರಿಸಿದ್ದು ಏನೂ ಅಲ್ಲ ಅನ್ನಿಸುತ್ತದೆ. ಈಗ 2009ರ ಯುಜಿಸಿ ನಿಯಮ ಬಂದು ಪ್ರತಿ ವಿದ್ಯಾರ್ಥಿ, ಪಾಲಕರು ರ‍್ಯಾಗಿಂಗ್ ವಿರುದ್ಧ ಮುಚ್ಚಳಿಕೆ ಬರೆದುಕೊಡಬೇಕು. ಯಾವ ಹುಡುಗನೂ ಅದನ್ನು ಓದಿ ಸಹಿ ಹಾಕಿದ್ದು ನಾನು ಕಂಡಿಲ್ಲ. ಇರಲಿ. ಸಿನಿಮಾ ಬಣ್ಣದಿಂದ ಕಪ್ಪುಬಿಳುಪಿಗೆ, ಕಪ್ಪುಬಿಳುಪಿನಿಂದ ಬಣ್ಣಕ್ಕೆ ಹಾರುತ್ತದೆ. ಯಾವುದು ಕನಸು ಯಾವುದು ನಿಜ ಹೇಳುವುದಿಲ್ಲ. ಸಿನಿಮಾ ಹುಚ್ಚಿರುವ ಹತ್ತು ಜನ ಒಂದು ರೂಮಿನಲ್ಲಿ ಕೂತು ನೋಡಿ. ಹಾಸ್ಟೆಲ್ ಹಾಲಿಗೆ ತರಬೇಡಿ, ಇಪ್ಪತ್ತನೇ ನಿಮಿಷಕ್ಕೆ ಹಾಲು ಖಾಲಿ.

ಆಕ್ಸ್‌ಫರ್ಡಿನ ಹುಡುಗನೊಬ್ಬ ಶ್ರೀಮಂತ ಗೆಳೆಯನ ಮನೆಗೆ ಹೋಗುವ, ಹಸಿ ದೃಶ್ಯಗಳಿಗೆ ಹೆಸರಾದ 2023ರ ‘ಸಾಲ್ಟ್‌ಬರ್ನ್’ ಸಿನಿಮಾದ ಬಗ್ಗೆಯೂ ಹುಡುಗರು ಕೇಳುತ್ತಾರೆ. ಕೇಳುವ ಕಾರಣ ನನಗೆ ಗೊತ್ತು, ಅವರಿಗೂ ಗೊತ್ತು. ಅದು ತಮ್ಮ ತಮ್ಮ ಮೊಬೈಲಿಗೆ ಬಿಟ್ಟದ್ದು.

ಫ್ಯಾಂಡ್ರಿ: ಮೇಜಿನ ಆ ಕಡೆಯಿಂದ

ಇದು ಉಳ್ಳವರ ಕತೆ ಅಲ್ಲವಲ್ಲ ಅನ್ನಬಹುದು. ಅದಕ್ಕೇ ಪಟ್ಟಿಯಲ್ಲಿದೆ. ನಾಗರಾಜ ಮಂಜುಳೆ ಸೊಲ್ಲಾಪುರ ಜಿಲ್ಲೆಯವರು, ನಮ್ಮ ಕಡೆಯಿಂದ ಒಂದು ಹಗಲಿನ ದಾರಿ. 2013ರ ಈ ಮೊದಲ ಪೂರ್ಣ ಸಿನಿಮಾಕ್ಕೆ ಹೊಸ ನಿರ್ದೇಶಕರಿಗೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು. ಹಂದಿ ಹಿಡಿಯುವ ಮನೆತನದ ಹುಡುಗ ಜಬ್ಯಾ, ಮೇಲ್ಜಾತಿಯ ಸಹಪಾಠಿ ಶಾಲು. ಊರಿನವರು ಹಂದಿ ಹಿಡಿಯಲು ಹೇಳುತ್ತಾರೆ, ಅದೂ ಶಾಲೆಯ ಪಕ್ಕದಲ್ಲೇ. ಹಂದಿ ಕೈಗೆ ಸಿಗಬೇಕು ಅನ್ನುವಷ್ಟರಲ್ಲಿ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಮನೆಮಂದಿ ಎಲ್ಲ ನಿಂತಲ್ಲೇ ನಿಲ್ಲುತ್ತಾರೆ. ಹಂದಿಗೆ ರಾಷ್ಟ್ರಗೀತೆ ಗೊತ್ತಿಲ್ಲ, ಅದು ಹೋಗುತ್ತದೆ. ಸುತ್ತ ಸಹಪಾಠಿಗಳು ನೋಡಿ ನಗುವ ಆ ದೀರ್ಘ ಹೊತ್ತು, ಗುಂಪು ಕೈಯೆತ್ತದೆಯೂ ಏನು ಮಾಡಬಲ್ಲದು ಅನ್ನುವುದಕ್ಕೆ ಸಾಕು. ಹಿಡಿದ ಹಂದಿಯನ್ನು ಹೊತ್ತುಕೊಂಡು ಹೋಗುವಾಗ ಶಾಲೆಯ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ದಂಪತಿಯ ಚಿತ್ರಗಳಿರುತ್ತವೆ. ಅಲ್ಲಿ ಯಾರೂ ಏನೂ ಮಾತಾಡುವುದಿಲ್ಲ.

ಭಾಷೆಯ ಮಟ್ಟಿಗೆ ನಮಗೆ ಅನುಕೂಲ. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ಕಡೆಯ ಮಕ್ಕಳಿಗೆ ಮರಾಠಿ ನೀರು ಕುಡಿದಷ್ಟು ಸುಲಭ, ಉಳಿದವರಿಗೆ ಪಕ್ಕದವನೇ ಹೇಳುತ್ತ ಹೋಗುತ್ತಾನೆ. ಯಾದಗಿರಿ, ಶಹಾಪುರ ಕಡೆ ಆ ಅನುಕೂಲ ಕಡಿಮೆ. ಒಂದು ಎಚ್ಚರಿಕೆ ಮಾತ್ರ. ಮಿಶ್ರ ಹಾಸ್ಟೆಲ್ಲಿನಲ್ಲಿ ಸಿನಿಮಾ ಮುಗಿದ ಕೂಡಲೆ ದೀಪ ಹಚ್ಚಬೇಡಿ. ಒಮ್ಮೆ ನಾನು ಹಚ್ಚಿದೆ. ಮೂರನೇ ಸಾಲಿನ ಒಬ್ಬನ ಮುಖ ಎಲ್ಲರಿಗೂ ಕಂಡಿತು. ಅವನು ಮುಂದಿನ ಎರಡು ಶನಿವಾರ ಬರಲಿಲ್ಲ. ನನ್ನ ಮೇಜಿನ ಲೆಕ್ಕ ಕೂಡದೆ ಹೋದದ್ದು ಇಲ್ಲಿ: ಬಡಿಸುವವರ ಮಕ್ಕಳಿಗೆ ಉಣ್ಣುವವರನ್ನು ತೋರಿಸಬಹುದು, ಉಣ್ಣುವವರ ಮಕ್ಕಳಿಗೆ ಬಡಿಸುವವರನ್ನೂ ತೋರಿಸಬಹುದು. ಇಬ್ಬರೂ ಒಂದೇ ಕೋಣೆಯಲ್ಲಿದ್ದಾಗ ‘ಫ್ಯಾಂಡ್ರಿ’ ಒಬ್ಬನನ್ನು ಒಂಟಿ ಮಾಡುವ ಸಾಧ್ಯತೆ ಇದೆ.

ಹಾಗಾದರೆ ಯಾವುದು?

ಯಾದಗಿರಿಯ ಗೆಳೆಯರಿಗೆ ಎರಡನೇ ಸಲ ಫೋನ್ ಮಾಡಿ ಕೇಳಿದಾಗ ಅವರದು ಸರ್ಕಾರಿ ಹಾಸ್ಟೆಲ್ಲು, ಡಿಗ್ರಿ ಮೊದಲ ವರ್ಷದವರೇ ಹೆಚ್ಚು, ಎಲ್ಲ ಸಮುದಾಯದವರೂ ಇದ್ದಾರೆ ಅಂದರು. ಹಾಗಿದ್ದರೆ ‘ಸ್ಕೂಲ್ ಟೈಸ್’ ಮೊದಲು ಅಂದೆ. ಯಾವ ಹುಡುಗನಿಗೂ ಇದು ನನ್ನದೇ ಕತೆ ಅಂತ ಎದ್ದು ಹೇಳಬೇಕಾಗುವುದಿಲ್ಲ, ಬೇಕಾದವನು ಒಳಗೇ ಇಟ್ಟುಕೊಳ್ಳಬಹುದು. ತಿಂಗಳು ಬಿಟ್ಟು, ಕೋಣೆ ಪಳಗಿದ ಮೇಲೆ, ‘ಫ್ಯಾಂಡ್ರಿ’. ‘ರಯಟ್ ಕ್ಲಬ್’ ಮೂರನೆಯದು, ಅದೂ ಎರಡನೇ ವರ್ಷಕ್ಕೆ ಬಂದ ಮೇಲೆ. ‘ವೇವ್’ ಯಾವಾಗ ಬೇಕಾದರೂ ನಡೆದೀತು, ಹಾಲ್ ನೆಲಮಾಳಿಗೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಒಬ್ಬರೇ ಮನೆಯಲ್ಲಿ ಕೂತು ನೋಡುವವರಾದರೆ ಇಷ್ಟೆಲ್ಲ ತಲೆಬಿಸಿ ಬೇಡ. ‘ರಯಟ್ ಕ್ಲಬ್’ ಮತ್ತು ‘ಫ್ಯಾಂಡ್ರಿ’ ಎರಡನ್ನೂ ಒಂದೇ ವಾರದಲ್ಲಿ ನೋಡಿ, ಇಂಗ್ಲಿಷಿನದು ಮೊದಲು.

ಇನ್ನೊಂದು. ನಾವು ಸಿನಿಮಾ ಶುರು ಮಾಡುವುದು ಆರಕ್ಕೆ. ‘ಫ್ಯಾಂಡ್ರಿ’ ಬಿಟ್ಟರೆ ಉಳಿದವೆಲ್ಲ ಎರಡು ತಾಸಿಗೆ ಹತ್ತು ಹದಿನೈದು ನಿಮಿಷ ಕಮ್ಮಿ, ‘ಫ್ಯಾಂಡ್ರಿ’ ಇನ್ನೂ ಸ್ವಲ್ಪ ಚಿಕ್ಕದು. ಎಂಟೂವರೆಗೆ ಊಟ ಅಂತ ಅಡುಗೆಯವನಿಗೆ ಬೆಳಗ್ಗೆಯೇ ಹೇಳಿಡಬೇಕು, ಇಲ್ಲದಿದ್ದರೆ ಅವನು ಎಂಟಕ್ಕೇ ತಾಟು ಬಡಿಯುತ್ತಾನೆ. ಹೇಳಿದ ದಿನವೂ ಒಮ್ಮೊಮ್ಮೆ ಬಡಿಯುತ್ತಾನೆ. ಈಗೀಗ ಅವನಿಗೂ ಒಂದು ಕುರ್ಚಿ ಹಾಕಿ ಒಳಗೇ ಕೂಡಿಸುತ್ತೇವೆ.